ಹತ್ತರ ಮೇಲಿನ ಬಿಸಿಲು

ಮುಖಕ್ಕೆ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ ಬಚ್ಚಲಲ್ಲಿ ನಿಂತಿದ್ದವಳಿಗೆ ಹೊರಗಿನ ಕೋಣೆಯಿಂದ ಅಪ್ಪನ ದನಿ ಕೇಳಿಸಿತು. ಓದಿಕೊಂಡು ಹೋದ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದವರ ಉತ್ಸಾಹ ಆ ದನಿಯಲ್ಲಿತ್ತು. ಪ್ರಶ್ನೆ ಕೇಳುತ್ತಿದ್ದವಳು ಅವಳ ಸಂಶೋಧನಾ ಸಂಸ್ಥೆಗೆ ಈಚೆಗೆ ಸೇರಿದ ಹೊಸ ಹುಡುಗಿ. ಪ್ರತಿ ಬೇಸಿಗೆಯೂ ಮನೆಮನೆಗೆ ಹೋಗಿ ಬಿಸಿಲಿನ ತೊಂದರೆಯ ಸಮೀಕ್ಷೆ ಮಾಡಬೇಕಾದ ಕೆಲಸ, ಆದರೆ ಗೊತ್ತಿಲ್ಲದವರ ಬಾಗಿಲು ತಟ್ಟುವುದಕ್ಕೆ ಕೈಯೇ ಏಳುವುದಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. 'ಮೊದಲು ನಮ್ಮನೆಗೇ ಬಾ, ಅಭ್ಯಾಸ ಆಗತ್ತೆ. ನಾನು ಮನೇಲಿಲ್ಲ ಅಂತ ತಿಳ್ಕೊ, ಯಾರು ಸಿಕ್ತಾರೋ ಅವರನ್ನ ಕೇಳು' ಎಂದು ಕರೆದಿದ್ದವಳು ಬಚ್ಚಲಲ್ಲಿ ನಿಂತಿದ್ದ ಅವಳೇ.

"ಮನೇಲಿರೋ ಹೆಂಗಸರು ನಿನ್ನೆ ಮಧ್ಯಾಹ್ನ ಏನು ಮಾಡ್ತಿದ್ರು ಸರ್? ಬಿಸಿಲಿಂದ ಅವರ ಕೆಲಸಕ್ಕೆ ಏನಾದ್ರೂ ತೊಂದರೆ ಆಯ್ತಾ?"

"ಹೆಂಗಸರು ಅಂದ್ರೆ ನಮ್ಮವಳೊಬ್ಳೇ. ಅವಳಿಗೆ ಎಲ್ಲಿಯ ಬಿಸಿಲಮ್ಮ? ಮನೇಲಿರ್ತಾಳೆ, ಆರಾಮಾಗಿ. ವಿಶ್ರಾಂತಿ ಅಂತ ಬರ್ಕೊ. ತೊಂದರೆ ಇಲ್ಲ ಅಂತ ಬರ್ಕೊ. ನಂದು ಕೇಳು ಹೇಳ್ತೀನಿ. ಒಂದ್ಸಲ ಬ್ಯಾಂಕಿಗೆ ಹೋಗಿ ಬಂದ್ರೆ ಸಾಕು, ತಲೆ ಸಿಡಿದು ಎರಡು ಹೋಳು."

ಸೋಪು ಕಣ್ಣಿಗೆ ಇಳಿಯಿತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಅಪ್ಪ ಕೆಟ್ಟವರಲ್ಲ. ಅಮ್ಮನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಹಣೆಯ ಬಟ್ಟೆ ಬದಲಾಯಿಸುವವರು. ಈಗಲೂ ಅವರು ಸುಳ್ಳು ಹೇಳಲಿಲ್ಲ, ತಾವು ಕಂಡದ್ದನ್ನು ಹೇಳಿದರು, ಅಷ್ಟೆ. ತಲೆಯ ಮೇಲೆ ತಾರಸಿಯಲ್ಲಿ ಅಮ್ಮ ಬಟ್ಟೆ ಒಗೆಯುವ ಸದ್ದು ಒಂದೇ ಲಯದಲ್ಲಿ ಬೀಳುತ್ತಿತ್ತು. ಬಿಸಿಲೇರುವುದರೊಳಗೆ ಒಣಹಾಕಿ ಇಳಿದುಬಿಡಬೇಕೆಂದು ಅಮ್ಮನ ಆತುರ. ಆ ಸದ್ದು ಅಪ್ಪನಿಗೂ ಕೇಳುತ್ತಿರಲೇಬೇಕು. ಚಿಕ್ಕಂದಿನಿಂದ ತಾನೂ ಕೇಳಿದ ಸದ್ದೇ ಅದು, ಗಡಿಯಾರದ ಸದ್ದಿನ ಹಾಗೆ, ನಿಂತರೆ ಮಾತ್ರ ಗೊತ್ತಾಗುವಂಥದ್ದು. 'ತೊಂದರೆ ಇಲ್ಲ' ಎಂಬ ಉತ್ತರ ಅವಳ ಕಂಪ್ಯೂಟರಿನಲ್ಲಿ ಸೊನ್ನೆಯಾಗುತ್ತದೆ. ಅಂಥ ಸೊನ್ನೆಗಳನ್ನು ಅವಳು ಒಂದರ ಕೆಳಗೊಂದು ಪರದೆಯ ತುಂಬ ನೋಡಿದ್ದಾಳೆ, ಕೂಡಿದ್ದಾಳೆ, ಭಾಗಿಸಿದ್ದಾಳೆ. ಇವತ್ತು ಮೊದಲ ಸಲ ಸೊನ್ನೆಗೆ ಒಂದು ಗಂಟಲು ಬಂದಿತ್ತು, ಅದು ಅಪ್ಪನದಾಗಿತ್ತು. ಕಣ್ಣಿಗೆ ನೀರು ಎರಚಿಕೊಂಡಷ್ಟೂ ಉರಿ ಹೆಚ್ಚಾಯಿತು.

ಹೊರಗೆ ಬಂದಾಗ ಅಪ್ಪ ಗೆದ್ದವರ ಹಾಗೆ ಕೂತಿದ್ದರು. "ಏನ್ ಪ್ರೊಫೆಸರ್, ನಿನ್ನ ಶಿಷ್ಯೆ ಪಾಸು" ಎಂದರು. ಹುಡುಗಿ ಎದ್ದು ನಿಂತು, "ಸರಿಯಾಗಿ ಕೇಳಿದ್ನಾ ಮೇಡಂ?" ಎಂದಳು. ಸರಿಯಾಗಿಯೇ ಕೇಳಿದ್ದಳು. ಒಂದು ಅಕ್ಷರ ತಪ್ಪಿರಲಿಲ್ಲ, ಅದೇ ಹೆದರಿಕೆಯ ವಿಷಯ. "ಅಮ್ಮನ್ನ ಯಾಕೆ ಕೇಳ್ಲಿಲ್ಲ?" ಎಂದದ್ದಕ್ಕೆ ಹುಡುಗಿ ಮುಗ್ಧವಾಗಿ, "ಮೇಲೆ ಕೆಲಸದಲ್ಲಿದಾರೆ ಅಂದ್ರು ಸರ್. ಕಾಯ್ತಾ ಕೂತ್ರೆ ಹೊತ್ತಾಗತ್ತಲ್ಲ ಮೇಡಂ, ಹತ್ತರೊಳಗೆ ಎಲ್ಲಾ ಮನೆ ಮುಗಿಸ್ಬೇಕು. ನೀವೇ ಮಾಡಿರೋ ರೂಲು" ಎಂದಳು. ಅಷ್ಟರಲ್ಲಿ ಅಮ್ಮ ಮೊಣಕೈವರೆಗೆ ಒದ್ದೆಯಾದ ಕೈಯಲ್ಲಿ ಖಾಲಿ ಬಕೆಟ್ಟು ಹಿಡಿದು ಇಳಿದು ಬಂದರು. "ಯಾರೇ ಈ ಮಗು? ಟೀ ಕೊಟ್ರಾ ಯಾರಾದ್ರೂ, ಇಲ್ಲ ಬರೀ ಮಾತಲ್ಲೇ ಹೊಟ್ಟೆ ತುಂಬಿಸಿದ್ರಾ?" ಅವಳು ತಡೆಯಲಾರದೆ ಕೇಳಿದಳು: "ಅಮ್ಮಾ, ನಿನ್ನೆ ಮಧ್ಯಾಹ್ನ ಏನು ಮಾಡ್ತಿದ್ದೆ?" ಅಮ್ಮ ಬಕೆಟ್ಟು ಕೆಳಗಿಡುತ್ತ ಮಗಳ ಮುಖವನ್ನೇ ನೋಡಿದರು. "ಯಾಕೆ, ಏನಾದ್ರೂ ಕಳೆದುಹೋಯ್ತಾ?"

ಸಂಸ್ಥೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಬಿಸಿಲಿನ ಕಡೆಯದ್ದು, ಅದಕ್ಕೇ ಖಾಲಿಯಿತ್ತು. ಹತ್ತರೊಳಗೆ ಎಂಬ ನಿಯಮ ಅವಳದೇ. ಹೋದ ಬೇಸಿಗೆಯಲ್ಲಿ, ಸಮೀಕ್ಷೆ ಶುರುವಾದ ಹೊಸತರಲ್ಲಿ, ಒಬ್ಬ ಹೆಂಗಸು, ಅವರ ಸಮೀಕ್ಷೆಯವರಲ್ಲೇ ಹಿರಿಯಾಕೆ, ನಡುಮಧ್ಯಾಹ್ನ ಬೀದಿಯಲ್ಲಿ ತಲೆ ತಿರುಗಿ ಬಿದ್ದಿದ್ದಳು. ಯಾರದೋ ಅಂಗಡಿಯ ಮೆಟ್ಟಿಲ ಮೇಲೆ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಬೀಸುತ್ತ ಕೂತಾಗ ಅವಳಿಗೆ ನಾಚಿಕೆಯಿಂದ ಪ್ರಾಣ ಹೋಗುವಂತಾಗಿತ್ತು. ಬಿಸಿಲು ಬಡವರನ್ನು ಹೇಗೆ ಸುಡುತ್ತದೆಂದು ಅಳೆಯುವುದಕ್ಕೆ ಬಡವರನ್ನೇ ಬಿಸಿಲಿಗೆ ಅಟ್ಟುವುದೆ? ಮರುದಿನವೇ ಹಟ ಹಿಡಿದು ನಿಯಮ ಮಾಡಿಸಿದಳು: ಹತ್ತು ಗಂಟೆಯ ಮೇಲೆ ಯಾರನ್ನೂ ಬೀದಿಗೆ ಕಳಿಸಬಾರದು. ಸಂಸ್ಥೆಯಲ್ಲಿ ಚಪ್ಪಾಳೆ ಬಿತ್ತು. ನಿರ್ದೇಶಕಿಯವರು, ಅವಳ ಗುರುಗಳೂ ಹೌದು, ಎಲ್ಲರ ಮುಂದೆ 'ನ್ಯಾಯ ಮೊದಲು ನಮ್ಮನೆ ಒಳಗಿಂದ ಶುರುವಾಗಬೇಕು, ನೋಡಿ ಕಲೀರಿ' ಎಂದಿದ್ದರು. ಆ ಮಾತನ್ನು ಅವಳು ಎಷ್ಟೋ ದಿನ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಚೀಪಿದ್ದಳು. ಆದರೆ ಸಮೀಕ್ಷೆ ನಡೆಯುವ ತಗಡಿನ ಮನೆಗಳ ಬೀದಿಗಳಿಗೆ ನೀರಿನ ಟ್ಯಾಂಕರು ಬರುವುದೂ ಹತ್ತರೊಳಗೇ. ಹೆಂಗಸರೆಲ್ಲ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಇರುತ್ತಾರೆ. ಮನೆಯಲ್ಲಿ ಇರುವವರು ಯಾರು? ಇದು ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ, ಅವಳೇ ಆ ಸಾಲುಗಳನ್ನು ಪಕ್ಕದಲ್ಲಿ ದಾಟಿಕೊಂಡು ಹೋಗಿ ಬಾಗಿಲು ತಟ್ಟಿದ್ದಾಳೆ. ದಾಟಿಕೊಂಡು ಹೋದಳಲ್ಲ! ಬಸ್ಸು ಗಕ್ಕನೆ ನಿಂತು ಮುಂದಿನ ಸೀಟಿನ ಕಂಬಿಗೆ ಹಣೆ ಬಡಿಯಿತು. ಪಕ್ಕದವರು ಅಯ್ಯೋ ಎಂದರು. ಚೆನ್ನಾಗಿ ಬಡಿಯಲಿ ಎನಿಸಿತು.

ಸಂಸ್ಥೆಯಲ್ಲಿ ಕಂಪ್ಯೂಟರು ತೆರೆಯುವಾಗ ಇನ್ನೂ ಒಂದು ಆಸೆ ಉಳಿದಿತ್ತು, ತನ್ನ ಮನೆಯಂಥದ್ದು ಅಲ್ಲೊಂದು ಇಲ್ಲೊಂದು ಇರಬಹುದು ಎಂದು. ಉತ್ತರ ಕೊಟ್ಟವರು ಯಾರು ಎನ್ನುವುದಕ್ಕೆ ಒಂದು ಅಂಕಣವೇ ಇದೆ. ಅದನ್ನು ಸೇರಿಸಿದವಳೂ ಅವಳೇ, ಆಮೇಲೆ ತಿರುಗಿ ನೋಡದವಳೂ ಅವಳೇ. ಗಂಡ, ಗಂಡ, ಮಾವ, ಗಂಡ, ಮಗ, ಗಂಡ. ನಡುವೆ ಎಲ್ಲೋ ಒಬ್ಬ ಮುದುಕಿ, ಬಹುಶಃ ಕೊಡ ಹೊರಲಾರದವಳು. ಅವಳು ಕುರ್ಚಿಗೆ ಒರಗಿ ಸುಮ್ಮನೆ ಕೂತಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳ ಸಂಶೋಧನಾ ಪ್ರಬಂಧ ಹುಟ್ಟಿದ್ದೂ ಫ್ಯಾನಿನ ಕೆಳಗೇ. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಅವಳು ಹೊರಗಿನ ಕೋಣೆಯಲ್ಲಿ ಹಾಳೆ ಹಾರದಂತೆ ಅದರ ಮೇಲೆ ಲೋಟ ಇಟ್ಟುಕೊಂಡು ಬಿಸಿಲು, ದುಡಿಮೆ, ಸಮಾನತೆ ಎಂದು ಬರೆಯುತ್ತಿದ್ದರೆ, ಅಡುಗೆಮನೆಯಲ್ಲಿ ಅಮ್ಮ ಫ್ಯಾನಿಲ್ಲದೆ ಬೇಯುತ್ತಿದ್ದರು. ಫ್ಯಾನು ಹಾಕಿದರೆ ಒಲೆ ಆರುತ್ತದೆ. ಕತ್ತು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು 'ಏನಾದ್ರೂ ಬೇಕೇನೇ?' ಎಂದು ಕೇಳುವರು. 'ಏನೂ ಬೇಡ, ತೊಂದರೆ ಕೊಡಬೇಡ' ಎನ್ನುವಳು. ಪ್ರಬಂಧದ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪ್ರಾಧ್ಯಾಪಕರು ಕನ್ನಡಕ ಕೆಳಗಿಳಿಸಿ, 'ನೀವು ಅರ್ಥಶಾಸ್ತ್ರ ಮಾಡ್ತಿದೀರೋ, ಸಮಾಜಸೇವೆಯೋ?' ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ಅವತ್ತೇ ತೀರ್ಮಾನಿಸಿದ್ದಳು, ಇನ್ನು ಮೇಲೆ ತನ್ನ ಕೈಯಿಂದ ಗಟ್ಟಿ ಲೆಕ್ಕವಲ್ಲದೆ ಬೇರೇನೂ ಹೊರಡಬಾರದೆಂದು. ಈಗ ಹೊರಟಿದ್ದ ಗಟ್ಟಿ ಲೆಕ್ಕದ ಕೆಳಗೆ ಅವಳೇ ಬರೆದ ಒಂದು ವಾಕ್ಯವಿತ್ತು: 'ಮನೆಯ ನೆರಳು ಹೆಣ್ಣನ್ನು ಕಾಯುತ್ತದೆ.' ನಿರ್ದೇಶಕಿಯವರು ಅದನ್ನು ಎರಡು ಸಲ ಓದಿ, ಚೆನ್ನಾಗಿ ಬರೀತೀಯಮ್ಮ ಎಂದಿದ್ದರು.

ಹೋದ ಬೇಸಿಗೆಯ ಸಮೀಕ್ಷೆಯಿಂದ ಬರೆದ ಆ ವರದಿ ಹೋದ ವಾರವೇ ಸರ್ಕಾರದ ಸಮಿತಿಯ ಮುಂದೆ ಹೋಗಿಯಾಗಿತ್ತು. ಊರಿನಲ್ಲಿ ತಂಪುಮನೆಗಳು ಬರಲಿದ್ದವು. ಬಿಸಿಲ ಹೊತ್ತಿನಲ್ಲಿ ಯಾರು ಬೇಕಾದರೂ ಹೋಗಿ ಕೂರಬಹುದಾದ, ನೀರು, ಗಾಳಿ, ನೆರಳು ಇರುವ ಮನೆಗಳು. ಎಲ್ಲೆಲ್ಲಿ ಕಟ್ಟಬೇಕೆಂದು ಇವತ್ತು ಸಮಿತಿ ತೀರ್ಮಾನ ಮಾಡುವುದಿತ್ತು. ಅವಳ ಲೆಕ್ಕದ ಪ್ರಕಾರ ಕಟ್ಟಡ ಕೆಲಸದ ಕಡೆ ಬೇಕು, ಲಾರಿಗೆ ಸರಕು ತುಂಬುವ ಕಡೆ ಬೇಕು, ತಗಡಿನ ಮನೆಗಳ ಬೀದಿಗಳಲ್ಲಿ ಬೇಡ. ಅಲ್ಲಿರುವವರು ಹೆಂಗಸರು, ಅವರನ್ನು ಕಾಯುವುದಕ್ಕೆ ಮನೆಯ ನೆರಳಿದೆಯಲ್ಲ. ಒಮ್ಮೆ ಕಟ್ಟಿದ ಮೇಲೆ ಮುಗಿಯಿತು, ಬಿಟ್ಟುಹೋದ ಬೀದಿಯನ್ನು ಮತ್ತೆ ಯಾರೂ ನೆನೆಯುವುದಿಲ್ಲ. ಅವಳು ಎದ್ದು ನಿರ್ದೇಶಕಿಯವರ ಕೋಣೆಗೆ ಹೋದಳು. 

ನಿರ್ದೇಶಕಿಯವರು ಪೂರ್ತಿ ಕೇಳಿದರು. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ, ಅದು ಅವರ ದೊಡ್ಡತನ. ಆಮೇಲೆ ಕಿಟಕಿಯ ಪರದೆ ಎಳೆದು ಬಂದು ಕೂತರು. "ನೋಡಮ್ಮ, ನಾನು ನಿನ್ನ ವಯಸ್ಸಿನಲ್ಲಿ ಈ ಸಮಿತಿಗೆ ಹೋದಾಗ ನನಗೆ ಟೀ ಹಂಚೋಕೆ ಹೇಳಿದ್ರು. ವರದಿಯಲ್ಲಿ ಹೆಂಗಸರಿಗೆ ಅಂತ ಒಂದು ಸಾಲು ಬರಬೇಕಾದ್ರೆ ನನ್ನ ಅರ್ಧ ಆಯಸ್ಸು ಹೋಯ್ತು. ಆ ಸಾಲನ್ನ ನೀನು ಈಗ ಅಳಿಸು ಅಂತೀಯ."

"ತಪ್ಪು ಸಾಲು ಮೇಡಂ. ನಾನೇ ಬರೆದದ್ದು."

"ತಪ್ಪಿಲ್ಲದ ಲೆಕ್ಕ ಯಾರು ಮಾಡಿದಾರೆ ಹೇಳು. ಇವತ್ತು ಬಾಯಿ ಮುಚ್ಕೊಂಡಿದ್ರೆ ಕೂಲಿಯವರಿಗಾದ್ರೂ ಈ ಬೇಸಿಗೆಗೇ ನೆರಳು ಬರತ್ತೆ. ಎದ್ದುನಿಂತು ಲೆಕ್ಕ ತಪ್ಪು ಅಂದ್ರೆ ಇಡೀ ವರದಿಯನ್ನೇ ಮೂಲೆಗೆ ಎಸೀತಾರೆ. ಅವರಿಗೆ ಬೇಕಾಗಿರೋದೂ ಒಂದು ನೆಪವೇ. ಅದೂ ಇಲ್ಲ, ಇದೂ ಇಲ್ಲ ಆಗಬೇಕಾ?" ದನಿ ತಗ್ಗಿಸಿದರು. "ನಿನ್ನ ಕೆಲಸದ ಖಾಯಮಾತಿ ವಿಷಯಾನೂ ಈ ತಿಂಗಳಲ್ಲೇ ಇದೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋಬೇಡ."

ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಕಳವಳವಿತ್ತು. ಅದರಿಂದಲೇ ಅವಳಿಗೆ ಹೆಚ್ಚು ಕಷ್ಟವಾಯಿತು. ಎದುರಾಳಿಯ ಹತ್ತಿರ ಜಗಳವಾಡಬಹುದು, ಕೈಹಿಡಿದು ಬೆಳೆಸಿದವರ ಹತ್ತಿರ ಹೇಗೆ? ಮತ್ತು ಅವರ ಮಾತಿನಲ್ಲಿ ಅರ್ಧ ನಿಜವೂ ಇತ್ತು. ಇಟ್ಟಿಗೆ ಹೊರುವವನ ಬೆನ್ನೇನು ಸುಡದ ಬೆನ್ನೇ? ಅವಳು ಹೇಳಿದಳು: "ಗಂಡಸರ ಲೆಕ್ಕ ಸರಿ ಇದೆ ಮೇಡಂ, ಅವರ ವಿಷಯ ಅವರೇ ಹೇಳಿದಾರೆ. ಅದು ಹಾಗೇ ಇರ್ಲಿ, ಆ ತಂಪುಮನೆಗಳು ಬರ್ಲಿ. ಹೆಂಗಸರ ಸಾಲಿನಲ್ಲಿ ನಮಗೆ ಗೊತ್ತಿಲ್ಲ ಅಂತ ಬರೆಯೋಣ."

"ಗೊತ್ತಿಲ್ಲ ಅನ್ನೋಕೆ ಸಂಸ್ಥೆ ಯಾಕೆ ಅಂತ ಕೇಳ್ತಾರೆ."

"ಕೇಳ್ಲಿ ಮೇಡಂ."

ನಿರ್ದೇಶಕಿಯವರು ಗಡಿಯಾರ ನೋಡಿ ಎದ್ದರು. ಆಮೇಲೆ ಕೈಚೀಲ ಎತ್ತಿಕೊಂಡರು. "ಹಾಗಾದ್ರೆ ನೀನೇ ಹೇಳ್ಕೊ. ನಾನು ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೆ."

ಸಮಿತಿಯ ಕೋಣೆಯಲ್ಲಿ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಒಬ್ಬ ಅಧಿಕಾರಿ ಕಿವಿಗೆ ಮಫ್ಲರು ಸುತ್ತಿಕೊಂಡಿದ್ದರು. ಬಿಸಿಲಿನ ಸಭೆಗೆ ಮಫ್ಲರು! ಅದನ್ನು ನೋಡಿ ಅವಳಿಗೆ ನಗು ಬಂದು, ನಗುವಿನಿಂದ ಸ್ವಲ್ಪ ಧೈರ್ಯವೂ ಬಂತು. ಅವಳ ಸರದಿ ಬಂದಾಗ ಎದ್ದು ನಿಂತು, ಸುತ್ತುಬಳಸದೆ, ಹೆಂಗಸರ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ, ನಾವು ಹೆಂಗಸರನ್ನೇ ಕೇಳಿರಲಿಲ್ಲ ಎಂದಳು. ಹೇಳಿದ ಮೇಲೆ ಅದು ಎಷ್ಟು ಚಿಕ್ಕ ವಾಕ್ಯ ಎನಿಸಿತು. ಅಧ್ಯಕ್ಷರು ವರದಿಯ ಹಾಳೆ ಹಿಂದುಮುಂದು ತಿರುವಿದರು. "ಅಲ್ಲಮ್ಮ, ಹೋದ ವಾರ ಗೊತ್ತಿತ್ತು, ಈ ವಾರ ಗೊತ್ತಿಲ್ಲ. ಮುಂದಿನ ವಾರ ಗಂಡಸರದೂ ಗೊತ್ತಿಲ್ಲ ಅಂತೀರೇನು?" ಎಂದರು. ಮಫ್ಲರಿನವರು ತಲೆ ಎತ್ತದೆ, "ಹೆಂಗಸರ ವಿಷಯ ಯಾರಿಗೆ ತಾನೇ ಗೊತ್ತಾಗಿದೆ ಬಿಡಿ ಸಾರ್" ಎಂದರು. ಕೋಣೆಯೆಲ್ಲ ನಕ್ಕಿತು. ನಿರ್ದೇಶಕಿಯವರ ತುಟಿಯ ಮೇಲೂ ಒಂದು ನಗು ಬಂದು ಹೋಯಿತು. ಎಷ್ಟೋ ವರ್ಷಗಳಿಂದ ಇಂಥ ಕೋಣೆಗಳಲ್ಲಿ ಬದುಕಿ ಉಳಿಯುವುದಕ್ಕೆ ಅವರು ಕಲಿತ ನಗು ಅದು. ಅವಳು ಅದನ್ನು ಕಂಡಳು. ತನಗೂ ಒಂದು ದಿನ ಆ ನಗು ಬಂದುಬಿಡುತ್ತದೆಯೇ?  ಕೂರಲಿಲ್ಲ. ನಗು ಮುಗಿಯುವವರೆಗೆ ನಿಂತಿದ್ದಳು, ಮುಗಿದ ಮೇಲೂ ನಿಂತೇ ಇದ್ದಳು. ನಿಂತವಳನ್ನು ಏನು ಮಾಡಬೇಕೆಂದು ತೋಚದೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಸರಿಯಮ್ಮ. ಕೂಲಿಯವರದ್ದು ಇವತ್ತು ಪಾಸು. ಬೀದಿಗಳದ್ದು ಮುಂದಿನ ಸಭೆಗೆ ಇಡೋಣ. ಅಷ್ಟರಲ್ಲಿ ಹೆಂಗಸರನ್ನ ಕೇಳ್ಕೊಂಡು ಬನ್ನಿ. ಬರಲಿಲ್ಲ ಅಂದ್ರೆ, ಅಥವಾ ಅವರೂ ತೊಂದರೆ ಇಲ್ಲ ಅಂದ್ರೆ, ಹಳೇ ಸಾಲೇ ಗಟ್ಟಿ."

ಮೆಟ್ಟಿಲಿಳಿಯುವಾಗ ನಿರ್ದೇಶಕಿಯವರು, "ಯಾರನ್ನ ಕಳಿಸ್ತೀಯ? ಹೆಂಗಸರು ಕೈಗೆ ಸಿಗೋದು ನಡುಮಧ್ಯಾಹ್ನ. ಆ ಹೊತ್ತಲ್ಲಿ ಯಾರನ್ನೂ ಕಳಿಸಬಾರದು ಅಂತ ರೂಲು ಮಾಡಿಸಿದವಳು ನೀನೇ. ನಾನು ಅದನ್ನ ಮುರಿಯಲ್ಲ" ಎಂದರು. ಅವಳೂ ಮುರಿಯುವವಳಲ್ಲ. ಅಂಗಡಿಯ ಮೆಟ್ಟಿಲ ಮೇಲೆ ತೊಡೆಗೆ ಭಾರವಾಗಿದ್ದ ಆ ಹಿರಿಯಾಕೆಯ ತಲೆಯನ್ನು ಮರೆಯುವುದು ಸಾಧ್ಯವಿರಲಿಲ್ಲ. ಸಂಸ್ಥೆಯಲ್ಲಿ ಸುದ್ದಿ ಕೇಳಿದ ಹೊಸ ಹುಡುಗಿ, "ನಾನು ಬರ್ತೀನಿ ಮೇಡಂ, ಈಗ ಬಾಗಿಲು ತಟ್ಟೋಕೆ ಕೈ ಏಳತ್ತೆ" ಎಂದಾಗ ಅವಳಿಗೆ ಕಣ್ಣು ತುಂಬಿತು. "ಬೇಡ. ನೀನು ಬೆಳಿಗ್ಗೆ ಬಾ, ಟ್ಯಾಂಕರ್ ಹತ್ರ ನಿಂತು ಅವರಿಗೆಲ್ಲ ಹೇಳಿಡು, ಮಧ್ಯಾಹ್ನ ಒಬ್ಬಳು ಬರ್ತಾಳೆ ಅಂತ. ಮಧ್ಯಾಹ್ನದ್ದು ನಂದು. ಯಾರನ್ನೂ ಕಳಿಸಬಾರದು ಅಂತ ರೂಲು, ನಾನೇ ಹೋಗಬಾರದು ಅಂತಲ್ಲ" ಎಂದಳು.

ಮರುದಿನ ತಗಡಿನ ಮನೆಗಳ ಬೀದಿಗೆ ಕಾಲಿಟ್ಟಾಗ ನೆತ್ತಿಯ ಮೇಲೆ ಸೂರ್ಯ, ಕಾಲ ಕೆಳಗೆ ನೆರಳಿಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬೆಳಗಿನ ಹೊತ್ತು ಅವಳು ನೋಡಿದ್ದ ಬೀದಿಯೇ ಅಲ್ಲ ಇದು. ತಗಡುಗಳು ಆಗಾಗ ಟಪ್ ಎಂದು ಬಿರಿಯುವಂತೆ ಸದ್ದು ಮಾಡುತ್ತಿದ್ದವು. ಚರಂಡಿಯ ವಾಸನೆ ಒಣಗಿ ಧೂಳಿನ ವಾಸನೆಯಾಗಿತ್ತು. ಛತ್ರಿ ಹಿಡಿದಿದ್ದರೂ ಕೆಳಗಿನಿಂದ ಏಳುವ ಝಳಕ್ಕೆ ಛತ್ರಿ ಏನು ಮಾಡೀತು? ಮೊದಲ ಮನೆಯ ಬಾಗಿಲು ಅರ್ಧ ತೆರೆದಿತ್ತು. ತಟ್ಟಿದಳು. ಒಬ್ಬ ಗಂಡಸು ಬನಿಯನ್ನಿನಲ್ಲಿ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದ.

"ಸಮೀಕ್ಷೆನಾ? ಕೇಳಿ, ಏನ್ ಬೇಕು?"

"ನಿಮ್ಮನೆಯವರ ಹತ್ರ ಮಾತಾಡ್ಬೇಕಿತ್ತು."

"ಅವಳಿಗೇನ್ ಗೊತ್ತಾಗತ್ತೆ ಮೇಡಂ, ನನ್ನೇ ಕೇಳಿ. ಅವಳು ಕೆಲಸದಲ್ಲಿದಾಳೆ."

"ಮುಗೀಲಿ. ಕಾಯ್ತೀನಿ."

"ಈ ಬಿಸಿಲಲ್ಲಾ?"

"ಹೂಂ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಒಳಗೆ ಹೋಗಿ ಏನೋ ಗೊಣಗಿದ್ದು ಕೇಳಿಸಿತು. ಅವಳು ನಿಂತಳು. ಬೆನ್ನಿನಿಂದ ಬೆವರು ಇಳಿದು ಸೊಂಟದ ಹತ್ತಿರ ಬಟ್ಟೆ ಅಂಟಿಕೊಂಡಿತು. ಹೆದರಿಕೆ ಆಗಲಿಲ್ಲವೆಂದಲ್ಲ, ತಲೆ ತಿರುಗಿದರೆ ಇಲ್ಲಿ ಹಿಡಿಯುವವರಿಲ್ಲ. ಆದರೆ ಎಷ್ಟೋ ದಿನದ ಮೇಲೆ ತಾನು ನಿಲ್ಲಬೇಕಾದ ಜಾಗದಲ್ಲಿ ನಿಂತಿದ್ದೇನೆ ಎಂದು ಮನಸ್ಸು ಹಗುರಾಗಿತ್ತು. ಕೊನೆಗೆ ಒಳಗಿನಿಂದ ಹೆಣ್ಣುದನಿ, "ಬಿಸಿಲಲ್ಲಿ ನಿಂತು ಸಾಯ್ತೀರೇನ್ರೀ, ಒಳಗೆ ಬನ್ನಿ! ನಂಗೆ ಬಿಟ್ಟು ಬರೋಕಾಗಲ್ಲ, ಕೆಂಡ ಆರಿಹೋಗತ್ತೆ" ಎಂದಿತು.

ಒಳಗೆ ಹೊರಗಿಗಿಂತ ಸೆಕೆ. ಮೂಲೆಯಲ್ಲಿ ಬೇರೆಯವರ ಮನೆಗಳ ಅಂಗಿಗಳು ರಾಶಿ ಬಿದ್ದಿದ್ದವು. ಹೆಂಗಸು ಮೇಜಿನ ಮುಂದೆ ನಿಂತು ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು. ಮೂಗಿನ ತುದಿಯಿಂದ ಬೆವರು ಬಟ್ಟೆಯ ಮೇಲೆ ಬೀಳದಂತೆ ಆಗಾಗ ಭುಜಕ್ಕೆ ಮುಖ ಒರೆಸಿಕೊಳ್ಳುತ್ತಿದ್ದಳು. ಗಂಡ ಬಾಗಿಲಾಚೆ ಹೋಗಿ ಕೂತ. ಅವಳು, ಎಷ್ಟೋ ಜನರಿಂದ ಎಷ್ಟೋ ಜನರಿಗೆ ಕೇಳಿಸಿದ್ದ ಆ ಪ್ರಶ್ನೆಯನ್ನು ಕೊನೆಗೂ ಕೇಳಬೇಕಾದವಳಿಗೇ ಕೇಳಿದಳು: "ಈ ಬಿಸಿಲಿಂದ ನಿಮ್ಮ ಕೆಲಸಕ್ಕೆ ಏನಾದ್ರೂ ತೊಂದರೆ ಆಗತ್ತಾ?"

ಹೆಂಗಸು ಅಂಗಿಯ ಕಾಲರು ತಿರುವಿ ಪೆಟ್ಟಿಗೆ ಒತ್ತಿದಳು. "ಕೆಲಸ ಅಂತ ಏನಿದೆ ನಂದು? ಪಾಪ, ಹೊರಗಡೆ ದುಡಿಯೋರಿಗೆ ಕೇಳ್ಬೇಕು ನೀವು. ನಾವು ಮನೇಲಿರೋರು, ನಮಗೇನ್ ತೊಂದರೆ? ಏನೂ ಇಲ್ಲ, ಬರ್ಕೊಳ್ಳಿ."

ಅವಳ ಕೈಯ ಪೆನ್ನು ನಿಂತಿತು. ಅಧ್ಯಕ್ಷರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು, ಅವರೂ ತೊಂದರೆ ಇಲ್ಲ ಅಂದರೆ. ಬೀದಿಯ ಎಲ್ಲ ಮನೆಗಳೂ ಹೀಗೇ ಹೇಳಿದರೆ ತನ್ನ ಖಾಯಮಾತಿ ಹೋಯಿತು, ಮಾನ ಹೋಯಿತು, ಅದು ಬೇರೆ. ಈ ತಗಡಿನ ಕೆಳಗೆ ಎಂದೆಂದಿಗೂ ಕೆಂಡವೇ ಗತಿ. ಎದುರಿಗೆ ಕಾಣುತ್ತಿರುವುದನ್ನು ಬರೆದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಯಾರು ಕೇಳುತ್ತಾರೆ? ಆದರೆ ಈ ಹೆಂಗಸಿನ ಬದಲಿಗೆ ತಾನು ಹೇಳಿದರೆ, ಬಾಗಿಲಾಚೆ ಕೂತವನಿಗೂ ತನಗೂ ಏನು ವ್ಯತ್ಯಾಸ? ತುಟಿ ಕಚ್ಚಿ, ಹೆಂಗಸು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಳು: ತೊಂದರೆ ಇಲ್ಲ. ಬರೆದು, ಛತ್ರಿಯನ್ನು ಗೋಡೆಗೊರಗಿಸಿ, ಅಂಗಿಗಳ ರಾಶಿಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನೆಲವೂ ಸುಡುತ್ತಿತ್ತು.

"ಸರಿ. ಇವತ್ತು ಬೆಳಿಗ್ಗೆ ಎದ್ರಲ್ಲ, ಅಲ್ಲಿಂದ ಹೇಳಿ. ಎದ್ದು ಮೊದಲು ಏನ್ ಮಾಡಿದ್ರಿ?"

ಹೆಂಗಸು ಪೆಟ್ಟಿಗೆ ಎತ್ತಿ ಹಿಡಿದು ನಕ್ಕಳು. "ಅಯ್ಯೋ, ಅದನ್ನೆಲ್ಲ ಹೇಳ್ತಾ ಕೂತ್ರೆ ಸಂಜೆ ಆಗೋಗತ್ತೆ ಕಣ್ರೀ!"

"ಆಗ್ಲಿ" ಎಂದಳು.